ಇಳಿಯದ ತುತ್ತು

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಗೆ ಅಂಟಿಕೊಂಡೇ ಇರುವುದು ವಿಷ್ಣುಮೂರ್ತಿ ರಾಯರ ಸಸ್ಯಾಹಾರಿ ಹೋಟೆಲು. ಬೆಳಗಿನ ಲೋಕಲ್ ಹಿಡಿಯುವ ಅರ್ಧ ಊರು ಅಲ್ಲಿಯೇ ಇಡ್ಲಿ ಸಾಂಬಾರು ತಿಂದು ತೇಗಿ ಓಡುತ್ತದೆ. ಇಂಥ ಮನುಷ್ಯನ ಹೆಂಡತಿಗೆ ಮನೆಯಲ್ಲಿ ಒಂದು ತುತ್ತು ಅನ್ನ ಇಳಿಯುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ಹೊರಗಿನವರ ಮಾತು ಹಾಳಾಗಿ ಹೋಗಲಿ, ಮನೆಯವರೇ ನಂಬಲಿಲ್ಲ.

ಆ ಭಾನುವಾರ ಮಧ್ಯಾಹ್ನವೂ ಹಾಗೇ ಆಯಿತು. ಊರ್ಮಿಳಾ ಎಲ್ಲರಿಗೂ ಬಡಿಸಿ, ತಾನೂ ತಟ್ಟೆ ಹಾಕಿಕೊಂಡು ಕೂತಳು. ಅನ್ನಕ್ಕೆ ಸಾರು ಹಾಕಿ ಮಗುವಿಗೆ ಕಲಸಿದ ಹಾಗೆ ಮೆತ್ತಗೆ ಹಿಚುಕಿ ಬಾಯಿಗಿಟ್ಟಳು. ಮೊದಲ ತುತ್ತು ಇಳಿಯಿತು. ಎರಡನೆಯದೂ ಹೇಗೋ ಇಳಿಯಿತು. ಆಮೇಲಿನದು ಎದೆಗೂಡಿನ ಬುಡಕ್ಕೆ ಬಂದು ನಿಂತುಬಿಟ್ಟಿತು. ನೀರು ಕುಡಿದರೆ ನೀರೂ ಅದರ ಮೇಲೆಯೇ ನಿಂತಿತು. ಅವಳು ಎದ್ದು ಬಚ್ಚಲಿಗೆ ಓಡಿದಳು.

ಬಾಯಿ ತೊಳೆದು ಬರುವಾಗ ಅತ್ತೆ ಸತ್ಯಭಾಮಮ್ಮ ಕಾದೇ ಕೂತಿದ್ದರು. “ಊಟದ ನಡುವೆ ಏಳುವುದು ಅಂದ್ರೆ ಎಂತದು ಇದು? ಅನ್ನಕ್ಕೆ ಅವಮಾನ.”

“ನನಗೇನು ಏಳುವ ಚಟವಾ ಅತ್ತೆ? ಇಳಿಯುದಿಲ್ಲ.”

“ಇಳಿಯದೆ ಎಂತ? ನನ್ನ ಅಣ್ಣನ ಮಗ ದುರ್ಬೀನು ಹಾಕಿ ನೋಡಿ ಏನೂ ಇಲ್ಲ ಅಂದಿದ್ದಾನಲ್ಲ?”

“ಅದು ನವರಾತ್ರಿಗೆ ಮೊದಲು. ಈಗ ಯುಗಾದಿ ಕಳೀತು.”

“ನವರಾತ್ರಿಗೆ ಇಲ್ಲದ್ದು ಯುಗಾದಿಗೆ ಎಲ್ಲಿಂದ ಬರ್ತದೆ ಮಾರಾಯ್ತಿ?” ವಿಷ್ಣುಮೂರ್ತಿ ಮೊಸರಿಗೆ ಕೈ ಚಾಚಿದ. “ಟೆನ್ಷನ್ ನಿನ್ನದು. ಸುಮ್ಮನೆ ಯೋಚನೆ ಮಾಡ್ತಿ.”

ಮಗಳು ಅನಘ ಫೋನಿನಿಂದ ತಲೆಯೆತ್ತಿದಳು. ಐರೋಲಿಯ ಆಫೀಸಿಗೆ ಹೋಗಿ ಬರುವ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ ಮರಾಠಿಯೇ. “ಅಪ್ಪ, ಅಮ್ಮ ಕೇ ಬ್ಲೌಸ್ ಸಬ್ ಢೀಲೇ ಹೋ ಗಯೇ. ದಿಸತ್ ನಾಹೀ ಕಾ?”

ಕಾಣದೆ ಏನು, ರವಿಕೆಗಳು ಸಡಿಲವಾದದ್ದು ಎಲ್ಲರಿಗೂ ಕಾಣುತ್ತಿತ್ತು. ಆದರೆ “ಏನೂ ಇಲ್ಲ” ಎಂಬ ಮಾತು ಒಮ್ಮೆ ಮನೆಯೊಳಗೆ ಬಂದ ಮೇಲೆ ಕಣ್ಣಿಗೆ ಕಂಡದ್ದಕ್ಕೂ ಬೆಲೆಯಿರಲಿಲ್ಲ.

ಬಾಯಿಯಿಂದ ಕ್ಯಾಮೆರಾದ ಕೊಳವೆ ಇಳಿಸಿ ಹೊಟ್ಟೆ ನೋಡುವ ಎಂಡೊಸ್ಕೋಪಿಗೆ ಈ ಕಡೆ ಎಲ್ಲರೂ ದುರ್ಬೀನು ಎನ್ನುತ್ತಾರೆ. ಊರ್ಮಿಳಾಳಿಗೆ ದುರ್ಬೀನು ಹಾಕಿದವನು ಡಾಕ್ಟರ್ ಮಧ್ವೇಶ. ಅತ್ತೆಯ ತವರಿನ ಕುಡಿ, ಠಾಣೆಯ ವರ್ತಕ ನಗರದಲ್ಲಿ ಸ್ವಂತ ನರ್ಸಿಂಗ್ ಹೋಮು. ವಿಷ್ಣುಮೂರ್ತಿಗೆ ಎದೆನೋವು ಬಂದು ಗಲ್ಲಾದ ಮೇಲೆಯೇ ಕುಸಿದಾಗ ಆಂಬುಲೆನ್ಸು ತಂದು ಜೀವ ಉಳಿಸಿದವನೂ ಅವನೇ. ಅವನ ಮಾತಿನ ಮೇಲೆ ಮಾತಿಲ್ಲ. ಮುಂಬಯಿ ಕಡೆಯ ನಮ್ಮವರಿಗೆ ಇದೊಂದು ಚಾಳಿ: ಡಾಕ್ಟರೂ ನಮ್ಮವನೇ ಆಗಬೇಕು, ವಕೀಲನೂ ನಮ್ಮವನೇ ಆಗಬೇಕು. ನಮ್ಮವನು ಒಂದು ಮಾತು ಹೇಳಿದ ಮೇಲೆ ಇನ್ನೊಬ್ಬರ ಹತ್ತಿರ ಹೋದರೆ ಅದು ರೋಗದ ವಿಚಾರ ಅಲ್ಲವೇ ಅಲ್ಲ, ಸಂಬಂಧ ಮುರಿಯುವ ವಿಚಾರ.

ಆ ವಾರವಿಡೀ ಮನೆಯಲ್ಲಿ ಚಿಕಿತ್ಸೆ ನಡೆಯಿತು. ಅತ್ತೆ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ವಿಷ್ಣುಮೂರ್ತಿ ಯಾರನ್ನೋ ಕೇಳಿ ನಿದ್ದೆಯ ಗುಳಿಗೆ ತಂದ. ಪಕ್ಕದ ಮನೆಯವಳು ಪ್ರಾಣಾಯಾಮ ಹೇಳಿಕೊಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ಕಥೆ. ಊರ್ಮಿಳಾ ಎಲ್ಲವನ್ನೂ ಸಹಿಸಿಕೊಂಡಳು. ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ. ಕೊನೆಗೆ ಗಂಜಿಯೂ ತಡೆದು ನಿಂತ ದಿನ ಅವಳ ತಾಳ್ಮೆ ಮುಗಿಯಿತು.

ಹೋಟೆಲಿನ ಸಾಂಬಾರು ಪುಡಿ ಹುರಿಯುವುದು ಮನೆಯಲ್ಲಿ, ಊರ್ಮಿಳಾಳ ಕೈಯಲ್ಲಿ. ಕೊತ್ತಂಬರಿ ಎಷ್ಟು ಕೆಂಪಾಗಬೇಕು, ಮೆಂತೆ ಯಾವಾಗ ಇಳಿಸಬೇಕು ಎಂಬುದು ಅವಳಿಗಲ್ಲದೆ ಇನ್ನೊಬ್ಬರಿಗೆ ತಿಳಿಯದು. ಅಡಿಗೆಭಟ್ಟರು ಎಷ್ಟೋ ಜನ ಬಂದು ಹೋದರೂ ಪುಡಿಗೆ ಮಾತ್ರ ಅವಳೇ. ಆ ಸೋಮವಾರ ವಿಷ್ಣುಮೂರ್ತಿ ಬ್ಯಾಡಗಿ ಮೆಣಸಿನ ಚೀಲ ತಂದು ಅಡಿಗೆಮನೆಯಲ್ಲಿ ಇಳಿಸಿದ. ಅವಳು ಅದನ್ನು ಕಾಲಿನಿಂದ ಬಾಗಿಲ ಕಡೆಗೆ ಸರಿಸಿದಳು.

“ಪುಡಿ ಹುರಿಯುವುದಿಲ್ಲ.”

“ಯಾಕೆ? ಮೈಗೆ ಆಗ್ತಾ ಇಲ್ವಾ?”

“ಮೈಗೆ ಆಗದೆ ಎಂಟು ತಿಂಗಳಾಯ್ತು, ಆಗ ಕೇಳ್ಲಿಲ್ಲ. ಇನ್ನೊಂದು ಸಲ ದುರ್ಬೀನು ಹಾಕಿಸಿ. ಬೇರೆಯವರ ಹತ್ತಿರ. ಆಮೇಲೆ ಹುರಿಯುತ್ತೇನೆ.”

“ಬೇರೆಯವರ ಹತ್ತಿರವಾ! ಮಧ್ವೇಶನ ಮುಖ ಹೇಗೆ ನೋಡುವುದು ಆಮೇಲೆ?”

“ಅವನ ಮುಖ ನೀವು ನೋಡಿ. ನನ್ನ ಹೊಟ್ಟೆ ಯಾರಾದರೂ ನೋಡ್ಲಿ.”

ಅತ್ತೆ ದೇವರ ಕೋಣೆಯಿಂದಲೇ ಕೂಗಿದರು. “ಕೇಳಿದಿಯಾ ವಿಷ್ಣು? ನನ್ನ ತವರಿನವರನ್ನು ಸುಳ್ಳರು ಅಂತ ಹೇಳ್ತಿದ್ದಾಳೆ ನಿನ್ನ ಹೆಂಡತಿ.”

“ಸುಳ್ಳರು ಅಂತ ಯಾರೂ ಹೇಳ್ಲಿಲ್ಲ ಅತ್ತೆ. ನಾನು ಸುಳ್ಳಿ ಅಲ್ಲ ಅಂತ ಹೇಳ್ತಾ ಇದ್ದೇನೆ.”

ವಿಷ್ಣುಮೂರ್ತಿ ಅದನ್ನು ಹೆಂಗಸರ ಮುನಿಸೆಂದು ತಿಳಿದು ಅಂಗಡಿಯಿಂದ ಪ್ಯಾಕೆಟ್ ಪುಡಿ ತಂದ. ವಾರ ಕಳೆಯುವುದರೊಳಗೆ ಗಿರಾಕಿಗಳು ಸಾಂಬಾರಿನ ಬಟ್ಟಲು ಹಾಗೇ ಬಿಟ್ಟು ಏಳತೊಡಗಿದರು. ಕೆಳಗಿನ ಮಹಡಿಯ ಶಂಕ್ರೆಪ್ಪ, ರೈಲ್ವೆಯಲ್ಲಿ ಇರುವವನು, ದಿನಾ ಅಲ್ಲೇ ತಿಂಡಿ ತಿನ್ನುವವನು, ಮೆಟ್ಟಿಲ ಮೇಲೆ ಊರ್ಮಿಳಾಳನ್ನು ತಡೆದು ನಿಲ್ಲಿಸಿದ.

“ಅಮ್ಮಾರ, ಒಂದ್ ಮಾತು ಕೇಳ್ಲೇನ್ರಿ? ರಾಯರ ಹೋಟೆಲ್ದಾಗ ಸಾಂಬಾರ್ ಯಾಕೋ ಭಾಳ ಸಪ್ಪಗ ಆಗೇತ್ರಿ. ಭಟ್ರು ಬದಲಾದ್ರೇನು?”

“ಭಟ್ರು ಅವರೇ ಶಂಕ್ರೆಪ್ಪನವರೇ. ಪುಡಿ ಮಾಡುವವಳು ಮುಷ್ಕರ ಹೂಡಿದ್ದಾಳೆ. ನನಗೆ ನುಂಗ್ಲಿಕ್ಕೆ ಆಗುದಿಲ್ಲ, ಮನೆಯವರು ಡಾಕ್ಟರ ಹತ್ತಿರ ಕರ್ಕೊಂಡು ಹೋಗುದಿಲ್ಲ. ರಾಯರ ಹತ್ತಿರ ಹಾಗೇ ಹೇಳಿ.”

ಶಂಕ್ರೆಪ್ಪ ಹಾಗೇ ಹೇಳಿದ. ಅದೂ ಬೆಳಗಿನ ನೂಕುನುಗ್ಗಲಿನಲ್ಲಿ, ಗಲ್ಲಾದ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ. ವಿಷ್ಣುಮೂರ್ತಿ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಕೂಗಾಡಿದ.

“ಮನೆಯ ಮಾನ ಬೀದಿಗೆ ತಂದೆಯಲ್ಲ!”

“ಮಾನ ಹೋದ್ರೆ ಮತ್ತೆ ಬರ್ತದೆ. ನಾನು ಹೋದ್ರೆ?”

ಅನಘ ಕೋಣೆಯಿಂದ ಬಂದು ನಡುವೆ ನಿಂತಳು. “ಪುರೇ ಆತಾ. ಅಪ್ಪ, ತುಮ್ ರೆಹನೇ ದೋ. ಮೈ ಲೇಕೆ ಜಾತೀ ಹೂಂ.” ಆಮೇಲೆ ಅಜ್ಜಿಗೆ ಅರ್ಥವಾಗಲೆಂದು, ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು: “ಅಮ್ಮನನ್ನು ನಾನು ತಗೊಂಡು ಹೋಗ್ತೆ. ಯಾರ ಪರ್ಮಿಷನ್ ಬೇಡ.”

ಗುರುವಾರ ತಾಯಿ ಮಗಳು ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ನೆರುಳ್ ಸ್ಟೇಷನ್ನಿನಲ್ಲಿ ಇಳಿದರು. ಆಸ್ಪತ್ರೆಯಲ್ಲಿ ಅವರನ್ನು ನೋಡಿದ ಡಾಕ್ಟರ್ ಅಪೇಕ್ಷಾ ಎಂಬವಳು ಅನಘಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ನಮ್ಮವಳಂತೂ ಅಲ್ಲ. ಇಷ್ಟು ವರ್ಷ ಇಲ್ಲಿದ್ದು ಊರ್ಮಿಳಾಳಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು, ತನ್ನ ಕತೆ ತಾನೇ ಹೇಳಿದಳು. ಡಾಕ್ಟರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಇಷ್ಟು ಹೊತ್ತು ಯಾರಾದರೂ ತನ್ನ ಮಾತು ಕೇಳಿ ಎಷ್ಟು ಕಾಲವಾಯಿತು ಎಂದು ಊರ್ಮಿಳಾಳಿಗೆ ಅಳುವೇ ಬಂತು.

“ಹೋದ ಸಲ ಎಂಡೊಸ್ಕೋಪಿಯ ದಿನ ಬೆಳಿಗ್ಗೆ ಏನು ತಿಂದಿದ್ದಿರಿ?”

“ಏನೂ ಇಲ್ಲ, ಉಪವಾಸ. ಅವಲಕ್ಕಿ ಮೊಸರು ಮಾತ್ರ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನೋಡಿದಳು. “ಅವಲಕ್ಕಿ ತಿಂದಿರಾ?”

“ಅದು ಫಲಾಹಾರ ಅಲ್ವಾ? ಊಟ ಅಲ್ಲವಲ್ಲ.”

ಹೇಳುತ್ತಿದ್ದ ಹಾಗೆ ಊರ್ಮಿಳಾಳಿಗೆ ತಪ್ಪು ಎಲ್ಲಿ ಎಂದು ಹೊಳೆಯಿತು. ಆ ಬೆಳಿಗ್ಗೆ ಅತ್ತೆಯೇ ಬಟ್ಟಲು ಹಿಡಿದು ಬಂದಿದ್ದರು. “ಠಾಣೆಯವರೆಗೆ ಹಸಿದು ಹೋಗಿ ತಲೆ ತಿರುಗಿ ಬಿದ್ದೀಯ. ಏಕಾದಶಿಗೆ ನಾನು ತಗೊಳ್ಳುದಿಲ್ವಾ? ಅವಲಕ್ಕಿಗೆ ಉಪವಾಸ ಕೆಡುದಿಲ್ಲ” ಎಂದಿದ್ದರು. ಪ್ರೀತಿಯಿಂದಲೇ ಕೊಟ್ಟದ್ದು, ಪ್ರೀತಿಯಿಂದಲೇ ತಿಂದದ್ದು. ನಮ್ಮ ಮನೆಗಳಲ್ಲಿ ಅನ್ನ ಮುಟ್ಟದಿದ್ದರೆ ಉಪವಾಸ ಎಂದೇ ಲೆಕ್ಕ, ದೇವರೂ ಅದನ್ನು ಒಪ್ಪಿಕೊಂಡು ಬಂದಿದ್ದಾನೆ. ಕ್ಯಾಮೆರಾ ಒಪ್ಪಲಿಲ್ಲ.

ಈ ಸಲ ಹೊಟ್ಟೆ ನಿಜವಾಗಿ ಖಾಲಿಯಿತ್ತು. ಗಂಟಲಿಗೆ ಮರಗಟ್ಟುವ ಔಷಧ ಹೊಡೆದು, ಮಂಪರು ಬರುವ ಚುಚ್ಚುಮದ್ದು ಕೊಟ್ಟು, ನೀರು ಬಿಟ್ಟು ತೊಳೆದು ತೊಳೆದು ನೋಡಿದರು. ಕೊಳವೆಯನ್ನು ಹೊಟ್ಟೆಯೊಳಗೆ ಹಿಂದಕ್ಕೆ ತಿರುಗಿಸಿ, ಅನ್ನನಾಳ ಬಂದು ಸೇರುವ ಬಾಯಿಯನ್ನು ಒಳಗಿನಿಂದ ನೋಡಿದಾಗ ಅಲ್ಲೊಂದು ಒರಟು ಗಂಟು ಕಂಡಿತು. ಅದರಿಂದ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದದ್ದು ಮುಂದಿನ ವಾರ. ಕ್ಯಾನ್ಸರ್.

“ಸ್ಕ್ಯಾನ್ ನೋಡಿದೆ, ದೂರ ಹರಡಿಲ್ಲ” ಎಂದಳು ಡಾಕ್ಟರ್ ಅಪೇಕ್ಷಾ. “ಮೊದಲು ಕೀಮೋ, ಆಮೇಲೆ ಆಪರೇಷನ್. ವಾಸಿಯಾಗಲಿ ಅಂತಲೇ ಮಾಡುವ ಚಿಕಿತ್ಸೆ ಇದು. ಇನ್ನೊಂದು ಆರು ತಿಂಗಳು ಹೀಗೇ ಬಿಟ್ಟಿದ್ದರೆ ಈ ಮಾತು ಹೇಳಲಿಕ್ಕೆ ನನಗೆ ಆಗುತ್ತಿರಲಿಲ್ಲ.”

ಅನಘ ಅಮ್ಮನ ಕೈ ಹಿಡಿದುಕೊಂಡಿದ್ದಳು. “ಪರ್ ಡಾಕ್ಟರ್, ಪಹಲೇ ತೋ ನಾರ್ಮಲ್ ಬೋಲಾ ಥಾ.”

“ಎಂಡೊಸ್ಕೋಪಿಗಿಂತ ಒಳ್ಳೆಯ ದಾರಿ ನಮ್ಮ ಹತ್ತಿರ ಇಲ್ಲಮ್ಮ. ಹೆಚ್ಚಿನವರಿಗೆ ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಅದೂ ಮನುಷ್ಯರು ನೋಡುವುದು. ಹೊಟ್ಟೆ, ಅನ್ನನಾಳದ ಕ್ಯಾನ್ಸರ್ ಸಿಕ್ಕಿದ ನೂರು ಜನರನ್ನು ಕೇಳಿ. ಅವರಲ್ಲಿ ಸುಮಾರು ಹತ್ತು ಮಂದಿಗೆ ಹಿಂದಿನ ಎರಡು ಮೂರು ವರ್ಷದಲ್ಲೇ ಎಂಡೊಸ್ಕೋಪಿ ಆಗಿರುತ್ತದೆ, ಏನೂ ಇಲ್ಲ ಅಂತ ಕಳಿಸಿರುತ್ತಾರೆ. ಆಹಾರ ಮುಚ್ಚಿರುತ್ತದೆ, ಮಡಿಕೆಯಲ್ಲಿ ಅಡಗಿರುತ್ತದೆ, ನೋಡುವವರಿಗೆ ಅವಸರ ಇರುತ್ತದೆ, ಚೂರು ತೆಗೆದಿರುವುದಿಲ್ಲ. ಅದಕ್ಕೇ ನುಂಗುವ ಕಷ್ಟ ಹೋಗದಿದ್ದರೆ ಮತ್ತೆ ನೋಡಲೇಬೇಕು.”

ಊರ್ಮಿಳಾಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಅದಕ್ಕಿಂತಲೂ ಮೊದಲು, ಒಂದು ಕ್ಷಣ, ಗೆದ್ದೆ ಎಂದೇ ಅನಿಸಿತು. ಇಂಥ ಗೆಲುವು ಹಗೆಯವರಿಗೂ ಬೇಡ. ರೈಲಿನಲ್ಲಿ ಹೆಂಗಸರ ಡಬ್ಬಿಯ ಮೂಲೆಯಲ್ಲಿ ಕೂತು ಮಗಳ ಭುಜಕ್ಕೆ ಮುಖವಿಟ್ಟು ಠಾಣೆ ಬರುವವರೆಗೂ ಅತ್ತಳು. ಆಮೇಲೆ ಕಣ್ಣೊರಸಿಕೊಂಡು, “ಮನೆಯಲ್ಲಿ ನಾನು ಹೇಳ್ತೇನೆ, ನೀನು ಸುಮ್ಮನಿರು” ಎಂದಳು.

ಸುದ್ದಿ ಕೇಳಿದ ವಿಷ್ಣುಮೂರ್ತಿ ಹೋಟೆಲಿಗೆ ಹೋಗದೆ ಕೂತಲ್ಲೇ ಕೂತ. ಸಂಜೆಗೆ ಮಧ್ವೇಶ ತಾನೇ ಬಂದ. ಅತ್ತೆ ಅವನಿಗೆ ಕಾಫಿ ಕೊಟ್ಟರು, ಅವನು ಮುಟ್ಟಲಿಲ್ಲ.

“ಅಕ್ಕ,” ಎಂದ ಊರ್ಮಿಳಾಳಿಗೆ, “ನನಗೆ ಮಾತೇ ಬರ್ತಾ ಇಲ್ಲ. ಆ ದಿನ ಹೊಟ್ಟೆಯಲ್ಲಿ ಆಹಾರ ಇತ್ತು. ಎಳೆದು ತೆಗೆದು ಕಂಡಷ್ಟು ನೋಡಿದೆ. ಹೊರಗೆ ಇನ್ನೂ ಪೇಷಂಟ್ಸ್ ಕೂತಿದ್ರು. ಏನೂ ಕಾಣುದಿಲ್ಲ, ಆದ್ರೆ ತೊಂದ್ರೆ ಹೋಗದಿದ್ರೆ ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವ ಅಂತ ಭಾವನ ಹತ್ತಿರ ಹೇಳಿದ್ದೆ.”

ಊರ್ಮಿಳಾ ಗಂಡನ ಕಡೆಗೆ ತಿರುಗಿದಳು.

“ಹೇಳಿದ್ದನಾ?”

ವಿಷ್ಣುಮೂರ್ತಿ ನೆಲ ನೋಡಿದ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಹಾಗಾಗಿತ್ತು ಅವನ ಸ್ಥಿತಿ. “ಹೇಳಿದ್ದ. ಏನೂ ಕಾಣುದಿಲ್ಲ ಅಂದದ್ದೇ ನನಗೆ ದೊಡ್ಡದಾಗಿ ಕೇಳಿತ್ತು ಮಾರಾಯ್ತಿ. ಮತ್ತೆ ಹೇಳಿದ್ದು ಕಿವಿಗೆ ಹೋಗ್ಲಿಲ್ಲ.”

“ನನ್ನ ಕಿವಿಗೆ ಹೋಗ್ತಿತ್ತು! ಹೊಟ್ಟೆ ನನ್ನದು, ಗಂಟಲು ನನ್ನದು, ಸುದ್ದಿ ಮಾತ್ರ ನಿಮಗಾ?” ಅವಳು ಮಧ್ವೇಶನ ಕಡೆಗೂ ತಿರುಗಿದಳು. “ಮತ್ತೆ ನೀನು? ನಾನು ಅಲ್ಲೇ ಒಳಗೆ ಮಲಗಿದ್ದೆನಲ್ಲ? ಎಚ್ಚರವಾದ ಮೇಲೆ ನನಗೆ ಒಂದು ಮಾತು ಹೇಳ್ಲಿಕ್ಕೆ ಏನಾಗಿತ್ತು ನಿನಗೆ?”

“ತಪ್ಪಾಯ್ತು ಅಕ್ಕ.”

“ಆದದ್ದು ಆಯ್ತು,” ಅತ್ತೆ ನಡುವೆ ಬಂದರು. ಅವಲಕ್ಕಿಯ ವಿಷಯ ಅವರಿಗೂ ಗೊತ್ತಾಗಿತ್ತು, ಮಧ್ಯಾಹ್ನ ಅವರು ಊಟಕ್ಕೆ ಎದ್ದಿರಲಿಲ್ಲ. “ನಾನೂ ಕಾರಣಳೇ. ಆದ್ರೆ ಹೊರಗೆ ಯಾರಿಗೂ ಹೇಳುವುದು ಬೇಡ ಊರ್ಮಿಳಾ. ಈ ಭಾನುವಾರ ಕನ್ನಡ ಸಂಘದಲ್ಲಿ ಅವನಿಗೆ ಸನ್ಮಾನ ಉಂಟು. ಮುಂದಿನ ತಿಂಗಳು ಅವನದ್ದೇ ಫ್ರೀ ಕ್ಯಾಂಪು. ಹುಡುಗನ ಹೆಸರು ಹಾಳಾಗ್ತದೆ.”

“ಹೌದು ಊರ್ಮಿಳಾ,” ವಿಷ್ಣುಮೂರ್ತಿಯೂ ಹೇಳಿದ. “ಭಾನುವಾರ ನೀನು ಬರುವುದೇ ಬೇಡ. ಮಂಗಳವಾರ ಕೀಮೋ ಉಂಟು. ರೆಸ್ಟ್ ತಗೋ.”

ಊರ್ಮಿಳಾ ಎದ್ದು ಅಡಿಗೆಮನೆಗೆ ಹೋದಳು. ಅತ್ತೆಗೆ ಒಂದು ಲೋಟ ಮಜ್ಜಿಗೆ ತಂದು ಕೈಯಲ್ಲಿಟ್ಟು, ಕುಡಿಯುವವರೆಗೂ ಎದುರಿಗೆ ನಿಂತಳು.

ಭಾನುವಾರ ಕಲ್ಯಾಣದ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಉಡುಪಿಯವರು, ಮಂಗಳೂರಿನವರು, ಬಿಜಾಪುರ ಕಲಬುರ್ಗಿಯವರು, ಎಲ್ಲ ಕನ್ನಡವೂ ಅಲ್ಲಿ ಕೇಳುತ್ತಿತ್ತು. ಮಧ್ವೇಶನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಅವನು ತಲೆ ತಗ್ಗಿಸಿಯೇ ಇದ್ದ. ಅದನ್ನೂ ಜನ ವಿನಯವೆಂದು ತಿಳಿದು ಇನ್ನಷ್ಟು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಉಚಿತ ದುರ್ಬೀನು ಶಿಬಿರದ ವಿಷಯ ಹೇಳಿ, “ಒಮ್ಮೆ ನೋಡಿಸಿಕೊಂಡರೆ ಆಯಿತು, ಮತ್ತೆ ಚಿಂತೆಯೇ ಇಲ್ಲ” ಎಂದರು.

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಊರ್ಮಿಳಾ ಬಂದಳು. ಅನಘ ಹೊಲಿಗೆ ಹಾಕಿ ಕಿರಿದು ಮಾಡಿದ ರವಿಕೆ, ಹಸಿರು ರೇಷ್ಮೆ ಸೀರೆ. ಮುಂದಿನ ಸಾಲಿನಲ್ಲಿ ವಿಷ್ಣುಮೂರ್ತಿ ಅರ್ಧ ಎದ್ದ, ಅತ್ತೆ ಅವನ ತೋಳು ಹಿಡಿದು ಕೂರಿಸಿದರು. ಮಗನನ್ನು ತಡೆಯಲಿಕ್ಕೋ, ಸೊಸೆಗೆ ದಾರಿ ಬಿಡಲಿಕ್ಕೋ, ಅವರಿಗೇ ತಿಳಿಯಬೇಕು. ಊರ್ಮಿಳಾ ನೆಟ್ಟಗೆ ಹೋಗಿ ಅಧ್ಯಕ್ಷರ ಕೈಯಿಂದ ಮೈಕು ತೆಗೆದುಕೊಂಡಳು.

“ಒಂದೇ ನಿಮಿಷ. ಮತ್ತೆ ಚಿಂತೆಯೇ ಇಲ್ಲ ಅಂದ್ರಲ್ಲ, ಅದು ಸರಿಯಲ್ಲ. ನನಗೆ ಕ್ಯಾನ್ಸರ್ ಉಂಟು. ಹೊಟ್ಟೆಯ ಬಾಯಿಯಲ್ಲಿ. ಹೋದ ವರ್ಷ ದುರ್ಬೀನು ಹಾಕಿದಾಗ ಕಾಣ್ಲಿಲ್ಲ.”

ಸಭೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ಮೈಕಿಗೆ ಕೈ ಚಾಚಿದರು, ಅವಳು ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

“ಯಾರು ನೋಡಿದ್ದು ಅಂತ ನಾನು ಹೇಳುದಿಲ್ಲ. ಹೇಳಬೇಕಾದವರು ಹೇಳ್ಲಿ. ಶಿಬಿರಕ್ಕೆ ಹೋಗಿ, ಖಂಡಿತ ಹೋಗಿ. ನನ್ನದೂ ಕೊನೆಗೆ ಸಿಕ್ಕಿದ್ದು ದುರ್ಬೀನಿನಲ್ಲೇ. ಆದ್ರೆ ಏನೂ ಇಲ್ಲ ಅಂದ ಮೇಲೂ ಅನ್ನ ಇಳಿಯದಿದ್ರೆ, ಸುಮ್ಮನಾಗಬೇಡಿ. ಗಂಡ ಬೈದ್ರೆ ಬೈಸಿಕೊಳ್ಳಿ. ಅತ್ತೆ ಸಿಟ್ಟಾದ್ರೆ ಆಗ್ಲಿ. ಮತ್ತೆ ಹೋಗಿ. ಇನ್ನೊಬ್ಬರ ಹತ್ತಿರ ಹೋಗಿ.”

ವೇದಿಕೆಯ ಮೇಲೆ ಮಧ್ವೇಶ ಎದ್ದು ನಿಂತ. ಶಾಲು ತೆಗೆದು ಕುರ್ಚಿಯ ಮೇಲಿಟ್ಟ. “ನೋಡಿದವನು ನಾನೇ” ಎಂದ. ಅವನ ಕೈಯಲ್ಲಿ ಮೈಕು ಇರಲಿಲ್ಲ, ಆದರೂ ಕಡೆಯ ಸಾಲಿನವರೆಗೆ ಕೇಳಿತು.

ಆಗ ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ಕಡುನೀಲಿ ಇಳಕಲ್ ಸೀರೆ, ಕುಳಿ ಬಿದ್ದ ಕೆನ್ನೆ. ಅವಳ ಹೆಸರು ಚಂದ್ರಬಾಯಿ ಎಂದು ಆಮೇಲೆ ಗೊತ್ತಾಯಿತು, ಅಂಬರನಾಥದವಳು. ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಗಂಡ ಸೆರಗು ಹಿಡಿದು ಕೆಳಗೆ ಜಗ್ಗಿದ.

“ಕುಂದರು. ಎಲ್ಲಾರೂ ನೋಡಾಕತ್ತಾರ. ನಿಂದು ನಾರ್ಮಲ್ ಐತಿ ಅಂತ ಹೇಳಿಲ್ಲೇನು?”

ಅವಳು ಅರ್ಧ ಬಗ್ಗಿದಳು. ಊರ್ಮಿಳಾ ಮೈಕು ಬಾಯಿಗೆ ಹತ್ತಿರ ತಂದಳು.

“ಸೆರಗು ಬಿಡಿ ಮಾರಾಯ್ರೆ.”

ಇಡೀ ಸಭಾಂಗಣ ತಿರುಗಿ ಆ ಗಂಡಸನ್ನು ನೋಡಿತು. ಅವನು ಬಿಟ್ಟ. ಊರ್ಮಿಳಾ ವೇದಿಕೆ ಇಳಿದು, ಕುರ್ಚಿಗಳ ನಡುವೆ ಮೊಣಕಾಲುಗಳನ್ನು ಸರಿಸುತ್ತಾ ಹೋಗಿ, ಮೈಕನ್ನು ಆ ಹೆಂಗಸಿನ ಮುಂದೆ ಹಿಡಿದಳು.

“ಹೇಳು ತಂಗಿ. ಎಲ್ಲಿ ನಿಲ್ತದೆ?”

ಚಂದ್ರಬಾಯಿ ತನ್ನ ಎದೆಗೂಡಿನ ಬುಡಕ್ಕೆ ಕೈಯಿಟ್ಟು ತೋರಿಸಿದಳು.